ಹಸಿರು ಚುಕ್ಕೆಯ ಸಾಕ್ಷ್ಯ

ಉಮ್ಮನ ಎರಡೂ ಹೆಬ್ಬೆರಳುಗಳ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳವು. ಎಲೆಯ ಬಾಯಿಯನ್ನು ಒಳಗೆ ಮಡಚಿ ಒತ್ತಿ ಒತ್ತಿ ಉಗುರು ಅರ್ಧಕ್ಕೆ ಸವೆದಿತ್ತು, ಚರ್ಮ ಗಟ್ಟಿಯಾಗಿತ್ತು. ಬಿಸಿ ಪಾತ್ರೆಯನ್ನು ಬಟ್ಟೆ ಹಿಡಿಯದೆ ಒಲೆಯಿಂದ ಇಳಿಸುತ್ತಿದ್ದರು. ಅದೇ ಹೆಬ್ಬೆರಳುಗಳು ವಿಡಿಯೋ ಗೇಮಿನ ಕಂಟ್ರೋಲರ್ ಮೇಲೆ ಕುಳಿತಾಗ ಮಾತ್ರ ಅವರಿಗೆ ಅಳುಕು. ಜೋರಾಗಿ ಒತ್ತಿದರೆ ಮುರಿದೀತು ಎಂದು ಸ್ಟಿಕ್ಕನ್ನು ತೀರಾ ಮೆಲ್ಲಗೆ ತಳ್ಳುತ್ತಿದ್ದರು. ಹಾಗಾಗಿ ಪರದೆಯ ಮೇಲೆ ಅವರ ಸೈನಿಕ ಯಾವತ್ತೂ ಓಡುತ್ತಿರಲಿಲ್ಲ, ನಡೆಯುತ್ತಿದ್ದ.

ಉದ್ಯಾವರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಅವರ ಮನೆ. ಮಹಡಿಯ ಮೇಲೆ ನಾನು ಬಾಡಿಗೆಗಿದ್ದೆ. ನನ್ನ ಊರು ಬಜಗೋಳಿ, ಕೆಲಸ ಮಣಿಪಾಲದಲ್ಲಿ, ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ. ಅವರ ಗಂಡ ಮೀನಿನ ಲಾರಿ ಓಡಿಸುತ್ತಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಗಳನ್ನು ಕಾಪುವಿಗೆ ಮದುವೆ ಮಾಡಿ ಕೊಟ್ಟಿದ್ದರು. ಮಗ ಕೊಲ್ಲಿಯಲ್ಲಿದ್ದ. ಆ ರಸ್ತೆಯಲ್ಲಿ ಬ್ಯಾರಿ ಮುಸ್ಲಿಮರ ಮನೆಗಳವರೂ ಉಳಿದವರೂ ಅವರನ್ನು ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಮೊದಮೊದಲು ಅವರು ನನ್ನನ್ನು "ಪೇಪರಿನವರೇ" ಎನ್ನುತ್ತಿದ್ದರು, ಆರು ತಿಂಗಳ ಬಳಿಕ "ಮಗಾ" ಎಂದರು. ಪೇಪರ್ ಮಾತ್ರ ಓದುತ್ತಿರಲಿಲ್ಲ. "ಅದರಲ್ಲಿ ಬರುವುದೆಲ್ಲ ಆಗಿಹೋದದ್ದಲ್ವಾ, ಓದಿ ಎಂತ ಮಾಡುವುದು?" ಎನ್ನುತ್ತಿದ್ದರು.

ಗೇಮಿನ ಡಬ್ಬವನ್ನು ತಂದವನು ಮಗ. ಕೊನೆಯ ಸಲ ರಜೆಗೆ ಬಂದಾಗ ತಂದು, ಟಿವಿಗೆ ಜೋಡಿಸಿ, ಒಂದು ತಿಂಗಳು ತಾಯಿಗೆ ಪಾಠ ಮಾಡಿ ಹೋಗಿದ್ದ. ಅದಕ್ಕೆ ಕಾರಣವಿತ್ತು. ಅವನಿದ್ದ ದೇಶದಲ್ಲಿ ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ನಿರ್ಬಂಧವಿತ್ತು. ಮೇಲಾಗಿ ಆ ರಜೆ ಮುಗಿಸಿ ಹೋದ ಮೇಲೆ ಅವನು ತನ್ನನ್ನು ಕರೆಸಿಕೊಂಡ ಕಂಪೆನಿಯನ್ನು ಬಿಟ್ಟು, ಕಾಗದಪತ್ರವಿಲ್ಲದೆ ಬೇರೆ ಕಡೆ ಕಟ್ಟಡ ಕೆಲಸ ಮಾಡುತ್ತಿದ್ದ. ಅವನ ಹೆಸರಿನಲ್ಲಿ ಫೋನ್ ಸಿಮ್ ಇರಲಿಲ್ಲ. ಯಾರದೋ ಫೋನಿನಿಂದ ತಿಂಗಳಿಗೊಮ್ಮೆ ಎರಡು ನಿಮಿಷ ಮಾತಾಡಿದರೆ ಹೆಚ್ಚು. ಆದರೆ ಆನ್‌ಲೈನ್ ಆಟದೊಳಗೆ ಜೊತೆಗಾರರು ಮೈಕ್‌ನಲ್ಲಿ ಮಾತಾಡಿಕೊಳ್ಳಬಹುದಿತ್ತು. ಅದನ್ನು ಯಾರೂ ತಡೆದಿರಲಿಲ್ಲ. ಅವನ ಕೋಣೆಯಲ್ಲಿ ಹಳೆಯದೊಂದು ಡಬ್ಬವಿತ್ತು, ಇಲ್ಲಿ ಹೊಸದು. ಅರುವತ್ತು ದಾಟಿದ ಬೀಡಿ ಕಟ್ಟುವ ಹೆಂಗಸು ಬಂದೂಕಿನ ಆಟ ಕಲಿತದ್ದು ಮಗನ ಧ್ವನಿ ಕೇಳುವುದಕ್ಕಾಗಿ. ಬೇರೆ ದಾರಿ ಇರಲಿಲ್ಲ.

ಆಟ ನಡೆಯುವುದು ಪಾಳುಬಿದ್ದ ವಿಶಾಲ ಪ್ರಪಂಚವೊಂದರಲ್ಲಿ. ಮುರಿದ ಸೇತುವೆಗಳು, ಮರಳುಗುಡ್ಡ, ಖಾಲಿ ಪಟ್ಟಣ. ಎಲ್ಲಿ ಬೇಕಾದರೂ ತಿರುಗಬಹುದು. ಅಲ್ಲಲ್ಲಿ ಶತ್ರುಗಳು ಎದುರಾಗುತ್ತಾರೆ, ಕೊಂದರೆ ಅವರ ಬಳಿಯಿದ್ದ ಬಂದೂಕು, ಕವಚ, ಮದ್ದು ನೆಲಕ್ಕೆ ಬೀಳುತ್ತವೆ. ಸಾಧಾರಣ ಸಾಮಾನಿನ ಮೇಲೆ ಬಿಳಿ ಬೆಳಕು, ಒಳ್ಳೆಯದರ ಮೇಲೆ ನೀಲಿ, ತೀರಾ ಅಪರೂಪದ್ದಾದರೆ ಹೊಂಬಣ್ಣ. ಅದನ್ನು ಹೆಕ್ಕಿಕೊಂಡು ಇನ್ನೂ ದೊಡ್ಡ ಶತ್ರುವನ್ನು ಕೊಲ್ಲುವುದು, ಇನ್ನೂ ಒಳ್ಳೆಯದನ್ನು ಹೆಕ್ಕುವುದು. ಇಷ್ಟೇ ಆಟ. ಲಕ್ಷಾಂತರ ಹುಡುಗರು ಇದಕ್ಕೆ ಅಂಟಿಕೊಂಡಿದ್ದಾರೆ. ಉಮ್ಮ ಮೊದಲ ಒಂದು ವಾರ ಏನನ್ನೂ ಮುಟ್ಟಲಿಲ್ಲವಂತೆ. ಸತ್ತವರ ಕಿಸೆಗೆ ಕೈ ಹಾಕುವುದು ಹರಾಂ ಎಂದು ಕುಳಿತಿದ್ದರಂತೆ. ಅವರು ಮನುಷ್ಯರಲ್ಲ, ಸೈತಾನರು ಎಂದು ಮಗ ಸಮಾಧಾನ ಹೇಳಿದ ಮೇಲೆ ಹೆಕ್ಕಲು ಸುರುಮಾಡಿದವರು ಮತ್ತೆ ಒಂದನ್ನೂ ಬಿಡಲಿಲ್ಲ.

ಜೂನ್ ಬಂತೆಂದರೆ ಅಲ್ಲಿ ಸುಡುಬಿಸಿಲು. ಮಧ್ಯಾಹ್ನ ಎರಡೂವರೆ ಗಂಟೆಗಳ ಕಾಲ ಹೊರಗಿನ ಕೆಲಸ ನಿಲ್ಲಿಸಬೇಕೆಂದು ಅಲ್ಲಿ ಕಾನೂನು. ಇಲ್ಲಿಯ ಲೆಕ್ಕದಲ್ಲಿ ಎರಡು ಗಂಟೆಯಿಂದ ನಾಲ್ಕೂವರೆ. ಆ ಹೊತ್ತಿಗೆ ಇಲ್ಲಿ ಜಡಿಮಳೆ. ಉಮ್ಮ ಊಟ ಮುಗಿಸಿ, ತಲೆಯ ಶಾಲಿನ ಮೇಲೆಯೇ ಇಯರ್‌ಫೋನ್ ಏರಿಸಿ, ಚಾಪೆಯ ಮೇಲೆ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದರು. ಪರದೆಯ ಬಲತುದಿಯಲ್ಲಿ ಮಗನ ಆಟದ ಹೆಸರಿನ ಪಕ್ಕ ಹಸಿರು ಚುಕ್ಕೆ ಬಂದರೆ ಅವನು ಆನ್‌ಲೈನ್ ಇದ್ದಾನೆ ಎಂದರ್ಥ. ಚುಕ್ಕೆಯನ್ನು ಒತ್ತಿದರೆ ಅವನಿದ್ದಲ್ಲಿಗೆ ಹೋಗಿ ಸೇರಿಕೊಳ್ಳಬಹುದು. ಇಯರ್‌ಫೋನ್ ಅದರ ಮೈಕಿಗಾಗಿ ಮಾತ್ರ, ಮಗನ ಧ್ವನಿ ಟಿವಿಯಿಂದ ಬರುತ್ತಿತ್ತು. ನನ್ನ ಪಾಳಿ ಸಂಜೆಗೆ. ಊಟದ ಹೊತ್ತಿಗೆ ಮೆಟ್ಟಿಲಿಳಿದು ಬಂದರೆ ಬಾಗಿಲು ತೆರೆದೇ ಇರುತ್ತಿತ್ತು, ನಾನೂ ಹೊಸ್ತಿಲ ಬಳಿ ಕುಳಿತು ನೋಡುತ್ತಿದ್ದೆ. ಅವರ ಮಾತು ಬ್ಯಾರಿ ಭಾಷೆಯಲ್ಲಿ. ನನಗೆ ತಿಳಿದಷ್ಟನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಉಮ್ಮ, ಎಡಗಡೆ! ಎಡಗಡೆ ಬರ್ತಾ ಇದ್ದಾನೆ, ಹೊಡೆಯಿರಿ!"

"ಹೊಡೀತೇನೆ ಇರು. ನೀನು ಬೆಳಿಗ್ಗೆ ಎಂತ ತಿಂದೆ?"

"ಖುಬೂಸ್ ರೊಟ್ಟಿ. ಉಮ್ಮ, ಹೊಡೆಯಿರಿ ಮೊದಲು!"

"ಬರೀ ಖುಬೂಸಾ? ಮೊಟ್ಟೆ ಸಿಗುವುದಿಲ್ವಾ ಅಲ್ಲಿ?"

ಅಷ್ಟರಲ್ಲಿ ಉಮ್ಮನ ಸೈನಿಕ ನೆಲಕ್ಕುರುಳಿರುತ್ತಿದ್ದ. ಮಗ ಓಡಿ ಬಂದು ಎಬ್ಬಿಸುತ್ತಿದ್ದ. "ಪೇಪರಿನವರು ಅಲ್ಲಿದ್ದಾರಾ? ಸಾರ್, ನನ್ನ ಉಮ್ಮನಿಗೆ ಸ್ವಲ್ಪ ಹೇಳಿ. ದಿನಕ್ಕೆ ಹತ್ತು ಸಲ ಸಾಯುತ್ತಾರೆ, ನನಗೆ ಇವರನ್ನು ಎಬ್ಬಿಸುವುದೇ ಒಂದು ಡ್ಯೂಟಿ" ಎನ್ನುತ್ತಿದ್ದ. ಅವನನ್ನು ನಾನು ಒಮ್ಮೆಯೂ ಕಂಡವನಲ್ಲ. ಧ್ವನಿ ಮಾತ್ರ ಗೊತ್ತು. ನಗುವಾಗ ಕೊನೆಯಲ್ಲಿ ಕೆಮ್ಮುತ್ತಿದ್ದ.

ಹೆಕ್ಕುವುದರಲ್ಲಿ ಮಾತ್ರ ಉಮ್ಮನನ್ನು ಮೀರಿಸುವವರಿರಲಿಲ್ಲ. ಬೀಡಿ ಎಲೆಯನ್ನು ನೋಟದಲ್ಲೇ ವಿಂಗಡಿಸಿದವರು. ಯಾವ ಬಂದೂಕಿಗಿಂತ ಯಾವುದು ಉತ್ತಮ ಎಂದು, ಪರದೆಯ ಇಂಗ್ಲಿಷ್ ಓದಲು ಬಾರದಿದ್ದರೂ, ಬಣ್ಣ, ಆಕಾರ ನೋಡಿ ಹೇಳುತ್ತಿದ್ದರು. ಹೊಂಬಣ್ಣದ್ದು ಸಿಕ್ಕಿದರೆ ಮಗನ ಕಾಲಬುಡದಲ್ಲಿ ಇಡುತ್ತಿದ್ದರು. "ನೀವೇ ಇಟ್ಟುಕೊಳ್ಳಿ ಉಮ್ಮ, ಅದರಿಂದ ಹೊಡೆದರೆ ಬೇಗ ಸಾಯುತ್ತಾರೆ" ಎಂದರೆ, "ನನಗೆಂತಕ್ಕೆ ಮಾರಾಯ, ನಾನು ಯಾರ ಹತ್ತಿರ ಜಗಳ ಮಾಡಲಿಕ್ಕೆ ಉಂಟು?" ಎನ್ನುವರು. ಒಂದು ಸಲ ಅವರ ಚೀಲ ತುಂಬಿ ಹೋಯಿತು. ಹಳೆಯದನ್ನೆಲ್ಲ ಬಿಸಾಡಿ ಎಂದ ಮಗ. ಉಮ್ಮ ಬಿಸಾಡಲಿಲ್ಲ. "ನೀನು ಊರಿಗೆ ಬಂದಾಗ ಬೇಕಾಗ್ತದೆ" ಎಂದರು. ಆಮೇಲೆ ತಾವು ಹೇಳಿದ್ದು ಏನೆಂದು ಹೊಳೆದು ತಾವೇ ನಕ್ಕರು.

ನಾಲ್ಕರ ಹೊತ್ತಿಗೆ ಮಸೀದಿಯಿಂದ ಅಸರ್ ನಮಾಝಿನ ಬಾಂಗ್ ಕೇಳಿಸುತ್ತಿತ್ತು. ಆನ್‌ಲೈನ್ ಆಟವನ್ನು ನಡುವೆ ನಿಲ್ಲಿಸುವಂತಿಲ್ಲ. ನಾವು ಎದ್ದು ಹೋದರೆ ನಮ್ಮ ಸೈನಿಕ ಅಲ್ಲೇ ನಿಂತಿರುತ್ತಾನೆ, ಶತ್ರುಗಳು ಬಂದು ಕೊಲ್ಲುತ್ತಾರೆ. ಉಮ್ಮ ಕಂಟ್ರೋಲರನ್ನು ಚಾಪೆಯ ಮೇಲಿಟ್ಟು, "ನೋಡಿಕೋ ಮೋನೇ" ಎಂದು ಮಗನಿಗೆ ಹೇಳಿ ಒಳಗೆ ಹೋಗುತ್ತಿದ್ದರು. ಅವರು ಕೈಕಾಲು ಮುಖ ತೊಳೆದು ವುಝೂ ಮಾಡಿ, ನಮಾಝ್ ಮುಗಿಸಿ ಬರುವವರೆಗೆ ಮಗನ ಸೈನಿಕ ತಾಯಿಯ ಸೈನಿಕನ ಸುತ್ತ ತಿರುಗುತ್ತ ಕಾವಲು ಕಾಯುತ್ತಿದ್ದ. ಆ ಹದಿನೈದು ನಿಮಿಷ ಟಿವಿಯಲ್ಲಿ ಗುಂಡಿನ ಸದ್ದು, ಒಳಕೋಣೆಯಲ್ಲಿ ಮೌನ. ತಾನು ಮತ್ತೆ ಕೆಲಸಕ್ಕೆ ಹೊರಡುವ ಹೊತ್ತಾದರೂ ಅವರು ಬಂದು "ಆಯ್ತು" ಎನ್ನುವವರೆಗೆ ಕದಲುತ್ತಿರಲಿಲ್ಲ. ಹೊಸ್ತಿಲಲ್ಲಿ ಕುಳಿತು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡು ವರ್ಷದ ಹಿಂದಿನ ಬಕ್ರೀದಿಗೂ ಅವನು ಬರಲಿಲ್ಲ. ಬರುವಂತಿರಲಿಲ್ಲ. ಕಾಗದಪತ್ರವಿಲ್ಲದವನು ವಿಮಾನ ಹತ್ತಬೇಕಾದರೆ ಮೊದಲು ಅಲ್ಲಿಯವರಿಗೆ ಶರಣಾಗಬೇಕು, ಒಳಗೂ ಕೂರಬೇಕಾಗಬಹುದು. ಉಮ್ಮನಿಗೆ ಇದು ಅರ್ಥವಾಗಿತ್ತು, ಒಪ್ಪಿಗೆಯಾಗಿರಲಿಲ್ಲ. ಹಬ್ಬ ಕಳೆದು ಕೆಲವು ವಾರಗಳ ಮೇಲೆ, ಒಂದು ಶುಕ್ರವಾರ, ಆಟದ ನಡುವೆ ಮಾತು ಬೆಳೆಯಿತು. ನಾನು ಮೆಟ್ಟಿಲ ಮೇಲಿದ್ದೆ. ಉಮ್ಮ ಧ್ವನಿ ಏರಿಸಿದ್ದನ್ನು ಕೇಳಿದ್ದು ಅದೊಂದೇ ಸಲ.

"ಮುಂದಿನ ಹಬ್ಬಕ್ಕೂ ಬರುವುದಿಲ್ಲ ಅಂತಾದರೆ ನನ್ನ ಹತ್ತಿರ ಮಾತಾಡಬೇಡ. ಈ ಪಿಶಾಚಿಗಳ ನಡುವೆ ನಿನ್ನ ಜೊತೆ ನಡೆದು ನಡೆದು ನನಗೆ ಸಾಕಾಯಿತು."

ಮಗ ಏನೋ ಹೇಳಲು ಹೋದ. ಉಮ್ಮ ಟಿವಿಯ ಪ್ಲಗ್ಗನ್ನೇ ಕಿತ್ತರು.

ಶನಿವಾರ ಹಸಿರು ಚುಕ್ಕೆ ಬರಲಿಲ್ಲ. ಭಾನುವಾರವೂ ಇಲ್ಲ. ಸೋಮವಾರ ಎರಡು ಗಂಟೆಗೆ ಬಂತು. ಉಮ್ಮ ಒತ್ತಿದರು, ಅವನಿದ್ದಲ್ಲಿಗೆ ಹೋದರು. ಅವನ ಸೈನಿಕ ಅವನದೇ ಕವಚ ತೊಟ್ಟು, ತಾವು ಕೊಟ್ಟ ಹೊಂಬಣ್ಣದ ಬಂದೂಕು ಹಿಡಿದು ನಿಂತಿದ್ದ. ಉಮ್ಮ ಮಾತಾಡಿಸಿದರು. ಉತ್ತರ ಬರಲಿಲ್ಲ.

ಮಂಗಳವಾರ ಸಂಜೆ ಮಣಿಪಾಲದ ನಮ್ಮ ಡೆಸ್ಕಿಗೆ ಕೊಲ್ಲಿಯಿಂದ ಒಂದು ಫೋನ್ ಬಂತು. ಮಾತಾಡಿದವರು ಅಲ್ಲಿ ಊರಿನವರ ಕಷ್ಟಕ್ಕೆ ಓಡಾಡುವ, ಕರಾವಳಿಯದೇ ಒಬ್ಬ ಸಮಾಜ ಸೇವಕ.

"ಅಣ್ಣ, ಇಲ್ಲಿ ಶವಾಗಾರದಲ್ಲಿ ಒಂದು ಬಾಡಿ ಉಂಟು. ನಮ್ಮ ಊರಿನ ಹುಡುಗ. ಶನಿವಾರ ಕೆಲಸದಲ್ಲಿ ಮೇಲಿಂದ ಬಿದ್ದದ್ದು. ಪಾಸ್‌ಪೋರ್ಟ್ ಇಲ್ಲ, ಕರೆದುಕೊಂಡು ಹೋದ ಮೇಸ್ತ್ರಿ ನಾಪತ್ತೆ. ಹೆಸರು ಮಾತ್ರ ಗೊತ್ತಾಗಿದೆ. ಉದ್ಯಾವರವೋ ಕಾಪುವೋ ಅಂತ ಯಾರೋ ಹೇಳಿದರು. ಮನೆಯವರನ್ನು ಹುಡುಕಿ ಕೊಡಲಿಕ್ಕೆ ಆಗ್ತದಾ?"

ಹೆಸರು ಹೇಳಿದರು. ಉಮ್ಮನ ಮಗನ ಹೆಸರೇ. ಆದರೆ ನಮ್ಮ ಕರಾವಳಿಯಲ್ಲಿ ಪ್ರತಿ ಓಣಿಯಲ್ಲೂ ಸಿಗುವ ಹೆಸರದು. ತಂದೆಯ ಹೆಸರು ಕೇಳಿದೆ, ಗೊತ್ತಿರಲಿಲ್ಲ. ಗುರುತು ಏನಾದರೂ ಉಂಟೇ ಎಂದೆ. ಎಡ ಹುಬ್ಬನ್ನು ಸೀಳಿದ ಹಾಗೆ ಒಂದು ಹಳೆಯ ಗಾಯದ ಕಲೆ ಇದೆ ಎಂದರು. ನಾಳೆ ವಿಚಾರಿಸಿ ಹೇಳುತ್ತೇನೆಂದು ಫೋನ್ ಇಟ್ಟೆ.

ಸಾವಿನ ಸುದ್ದಿಯನ್ನು ಎರಡು ಕಡೆಯಿಂದ ಖಚಿತಪಡಿಸಿಕೊಳ್ಳದೆ ಬರೆಯಬಾರದು, ಮನೆಯವರ ಕಿವಿಗೆ ಹಾಕಬಾರದು. ಡೆಸ್ಕಿನಲ್ಲಿ ಸೇರಿದ ಮೊದಲ ವಾರ ಕಲಿತ ಪಾಠ ಇದು, ಹೊಸಬರಿಗೆ ನಾನೂ ಕಲಿಸಿದ್ದೇನೆ. ಮರುದಿನ ಬುಧವಾರ ನನ್ನ ರಜೆ. ಎರಡು ಗಂಟೆಗೆ ಕೆಳಗಿಳಿದೆ. ಉಮ್ಮ ಚಾಪೆಯ ಮೇಲಿದ್ದರು. ಪರದೆಯ ತುದಿಯಲ್ಲಿ ಮಗನ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಮುರಿದ ಸೇತುವೆಯ ಮೇಲೆ ಅವನ ಸೈನಿಕ ಓಡುತ್ತಿದ್ದ, ಗುಂಡು ಹಾರಿಸುತ್ತಿದ್ದ.

"ಇದ್ದಾನಾ?" ಎಂದೆ.

"ಇದ್ದಾನೆ. ಮಾತಾಡುವುದಿಲ್ಲ. ಸಿಟ್ಟು." ಉಮ್ಮನ ಕಣ್ಣು ಕೆಂಪಾಗಿತ್ತು. "ನಾನೇ ಅಲ್ವಾ ಹೇಳಿದ್ದು ಮಾತಾಡಬೇಡ ಅಂತ. ಸಣ್ಣದಿರುವಾಗಲೂ ಹೀಗೇ. ಹೇಳಿದ್ದನ್ನು ಮಾಡಿ ತೋರಿಸುವುದು."

ನನಗೆ ಆದ ಸಮಾಧಾನ ಎಷ್ಟೆಂದರೆ, ಅಲ್ಲೇ ಕುಳಿತು ಅವರು ಕೊಟ್ಟ ಚಹಾ ಕುಡಿದೆ. ಹುಬ್ಬಿನ ಗಾಯದ ಬಗ್ಗೆ ಕೇಳಲಿಲ್ಲ. ಕಣ್ಣೆದುರು ಓಡಾಡುತ್ತಿರುವವನ ಗುರುತು ಕೇಳಿ ತಾಯಿಯನ್ನು ಹೆದರಿಸುವುದೇಕೆ ಎಂದುಕೊಂಡೆ. ಮಹಡಿಗೆ ಹೋಗಿ ಫೋನ್ ಮಾಡಿದೆ.

"ಉದ್ಯಾವರದವನಲ್ಲ" ಎಂದೆ. "ಇಲ್ಲಿಂದ ಅಲ್ಲಿಗೆ ಹೋದ ಆ ಹೆಸರಿನ ಹುಡುಗ ನಮ್ಮ ಮನೆ ಮಾಲಕಿಯ ಮಗನೇ. ಅವನು ಆನ್‌ಲೈನ್ ಇದ್ದಾನೆ, ನಾನೇ ಕಣ್ಣಾರೆ ನೋಡಿ ಬಂದೆ. ಕಾಪುವಿನಲ್ಲಿ ಕೇಳಿ, ನಮ್ಮ ಕಾರ್ಕಳ ಕಡೆಯೂ ಆ ಹೆಸರಿನವರಿದ್ದಾರೆ, ಅಲ್ಲಿ ವಿಚಾರಿಸಿ ನೋಡಿ."

"ಒಳ್ಳೆಯದಾಯಿತು ಅಣ್ಣ. ಒಂದು ಕಡೆ ಆದರೂ ಕ್ಲಿಯರ್ ಆಯಿತಲ್ಲ" ಎಂದರು ಅವರು.

ಆಮೇಲಿನ ದಿನಗಳಲ್ಲಿ ಉಮ್ಮ ಕ್ಷಮೆ ಕೇಳುವುದನ್ನು ಕೇಳುತ್ತಿದ್ದೆ. ಮೊದಲು ಗದರಿಸಿದರು. ಬಳಿಕ ತಮಾಷೆ ಮಾಡಿದರು, ಬೇಕೆಂದೇ ಶತ್ರುಗಳ ನಡುವೆ ಹೋಗಿ ಬಿದ್ದು "ಎಬ್ಬಿಸು ನೋಡುವಾ" ಎಂದರು. ಅವನು ಬಂದು ಎಬ್ಬಿಸಿದ, ಮಾತಾಡಲಿಲ್ಲ. ಅಷ್ಟಕ್ಕೇ ಅವರಿಗೆ ಖುಷಿಯಾಯಿತು. "ಎಬ್ಬಿಸಿದ ನೋಡು. ಸಿಟ್ಟು ಇಳೀತಾ ಉಂಟು" ಎಂದು ನನ್ನನ್ನು ಕರೆದು ಹೇಳಿದರು. ಕಾಪುವಿನಿಂದ ಬಂದ ಮಗಳು ಮೈಕ್ ಕಿತ್ತುಕೊಂಡು ಬೈದಳು: "ನಿನಗೆ ಎಷ್ಟು ಅಹಂಕಾರ ಮಾರಾಯ! ಅವರು ಊಟ ಮಾಡ್ತಾ ಇಲ್ಲ ಇಲ್ಲಿ!" ಸೈನಿಕ ಒಂದು ಕ್ಷಣ ನಿಂತ, ಮತ್ತೆ ಹೆಕ್ಕತೊಡಗಿದ. ಕೊನೆಕೊನೆಗೆ ಉಮ್ಮ ಬೇರೇನೂ ಹೇಳುತ್ತಿರಲಿಲ್ಲ. ಹಬ್ಬಕ್ಕೆ ಬರುವುದು ಬೇಡ, ಮೋನೇ. ಯಾವಾಗ ಆಗ್ತದೋ ಆವಾಗ ಬಾ. ಬರದಿದ್ದರೂ ಅಡ್ಡಿಯಿಲ್ಲ. ಒಂದು ಮಾತು ಮಾತ್ರ ಆಡು.

ಆ ದಿನಗಳಲ್ಲಿ ಮೂರು, ಮೂರೂಕಾಲಕ್ಕೇ ಚುಕ್ಕೆ ಮಾಯವಾಗುತ್ತಿತ್ತು. ಮರುವಾರದ ಗುರುವಾರ ಅದು ನಾಲ್ಕಾದರೂ ಉಳಿಯಿತು. ಬಾಂಗ್ ಆಯಿತು. ಉಮ್ಮ ಮೈಕಿನಲ್ಲಿ ಸ್ಪಷ್ಟವಾಗಿ, ಎರಡು ಸಲ ಹೇಳಿದರು: "ನಾನು ನಮಾಝಿಗೆ ಹೋಗ್ತೇನೆ. ನೋಡಿಕೋ." ಒಳಗೆ ಹೋದರು. ನಾನು ಕೆಲಸಕ್ಕೆ ಹೊರಟು ಬಾಗಿಲ ಬಳಿ ಚಪ್ಪಲಿ ಹಾಕುತ್ತಿದ್ದೆ. ಮಗನ ಸೈನಿಕ ಸ್ವಲ್ಪ ಹೊತ್ತು ಅಲ್ಲೇ ಇದ್ದ. ಬಳಿಕ ದೂರದ ಗುಡ್ಡದ ಮೇಲೆ ಏನೋ ಹೊಳೆದದ್ದು ಕಂಡು ಆ ಕಡೆ ಓಡಿದ. ಮೂರು ಶತ್ರುಗಳು ಬಂದು ಉಮ್ಮನ ಸೈನಿಕನನ್ನು ಕೊಂದರು.

ಉಮ್ಮ ಬಂದು ನೋಡಿದರು. ಕುಳಿತುಕೊಳ್ಳಲಿಲ್ಲ.

"ಅದು ಅವನಲ್ಲ" ಎಂದರು.

"ನೆಟ್‌ವರ್ಕ್ ಹೋಗಿರಬೇಕು ಉಮ್ಮ..."

"ಅವನಲ್ಲ ಮಗಾ. ಎಷ್ಟು ಸಿಟ್ಟಿದ್ದರೂ ನಾನು ನಮಾಝಿನಲ್ಲಿರುವಾಗ ಬಿಟ್ಟು ಹೋಗುವವನಲ್ಲ. ಅದು ಬೇರೆ ಯಾರೋ." ನನ್ನ ಕಡೆ ತಿರುಗಿದರು. "ನೀನು ಪೇಪರಿನವನಲ್ವಾ? ಎಲ್ಲಿಗಾದರೂ ಫೋನ್ ಮಾಡು. ನನ್ನ ಮಗ ಎಲ್ಲಿದ್ದಾನೆ ಅಂತ ಕೇಳು."

ನಾನು ಅಂಗಳಕ್ಕೆ ಇಳಿದು ಅದೇ ಸಮಾಜ ಸೇವಕರಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಇಲ್ಲಿ ಹೇಳಿದ ಹಾಗೆಯೇ ಬರೆಯುತ್ತೇನೆ. "ಇಲ್ಲ ಅಣ್ಣ, ಯಾರೂ ಸಿಗಲಿಲ್ಲ. ನೀವು ಹೇಳಿದ ಮೇಲೆ ಉದ್ಯಾವರ ಬಿಟ್ಟೆವು. ನಾಲ್ಕು ದಿನ ಕಾರ್ಕಳದ ಎಲ್ಲ ಮಸೀದಿ ಜಮಾಅತಿನವರಿಗೆ ಫೋನ್ ಮಾಡಿದೆವು, ಕಾಪುವಿನಲ್ಲೂ ಕೇಳಿದೆವು. ಇನ್ನು ಇಡಲಿಕ್ಕೆ ಆಗುವುದಿಲ್ಲ ಅಂತ ಶವಾಗಾರದವರು ಅಂದರು. ನಿನ್ನೆ ಇಲ್ಲೇ ಮಯ್ಯತ್ ನಮಾಝ್ ಮಾಡಿ ದಫನ ಮಾಡಿದೆವು. ನಾವು ಆರು ಜನ ಇದ್ದೆವು."

ಒಳಗೆ ಬಂದೆ. ಉಮ್ಮ ಗೋಡೆಗೆ ಒರಗಿ ನಿಂತಿದ್ದರು.

"ಅವನ ಎಡ ಹುಬ್ಬಿನಲ್ಲಿ ಗಾಯದ ಕಲೆ ಉಂಟಾ ಉಮ್ಮ?"

ಅವರು ನನ್ನ ಮುಖವನ್ನೇ ನೋಡಿದರು. "ಉಂಟು. ಏಳು ವರ್ಷದವನಿರುವಾಗ ಮೋರಿಯಿಂದ ಬಿದ್ದದ್ದು. ನಿನಗೆ ಹೇಗೆ ಗೊತ್ತು?"

"ಈಗ ಫೋನಿನಲ್ಲಿ ಹೇಳಿದರು" ಎಂದೆ.

ಅದು ಸುಳ್ಳು. ಒಂಬತ್ತು ದಿನಗಳಿಂದ ನನಗೆ ಗೊತ್ತಿತ್ತು.

ಅವನು ಕೆಲಸದಲ್ಲಿ ಬಿದ್ದು ತೀರಿಕೊಂಡದ್ದನ್ನು, ಅಲ್ಲೇ ಹೂತದ್ದನ್ನು ಹೇಳಿದೆ. ಅವರು ಕೂಗಲಿಲ್ಲ. ನೆಲದ ಮೇಲೆ ಕುಳಿತು, ಅವನನ್ನು ಹೂತದ್ದು ಯಾವ ದಿನ ಎಂದು ಕೇಳಿದರು. ನಿನ್ನೆ ಎಂದೆ. ಬೆರಳು ಮಡಚಿ ಲೆಕ್ಕ ಹಾಕಿದರು. "ಸೋಮವಾರದಿಂದ ನಿನ್ನೆಯವರೆಗೆ ಹತ್ತು ದಿನ" ಎಂದರು. "ಹತ್ತು ದಿನ ಅವನು ಅಲ್ಲಿ ಮಲಗಿದ್ದ. ನಾನು ಇಲ್ಲಿ ಅವನ ಹತ್ತಿರ ಮಾತಾಡ್ತಾ ಇದ್ದೆ." ಟಿವಿಯಲ್ಲಿ ಮಗನ ಸೈನಿಕ ಗುಡ್ಡದಿಂದ ಇಳಿದು ಬಂದು, ಸತ್ತು ಬಿದ್ದಿದ್ದ ಉಮ್ಮನ ಸೈನಿಕನ ಬಳಿ ನಿಂತಿದ್ದ.

ಆಗ ನಾನು ಕಂಟ್ರೋಲರ್ ತೆಗೆದುಕೊಂಡು, ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಒತ್ತಿ, ಇಂಗ್ಲಿಷಿನಲ್ಲಿ ಎರಡು ಸಾಲಿನ ಸಂದೇಶ ಕಳಿಸಿದೆ. ನೀನು ಯಾರು? ಈ ನಂಬರಿಗೆ ಫೋನ್ ಮಾಡು. ಮೂರು ನಿಮಿಷದ ಕೆಲಸ. ಮೊದಲ ಬುಧವಾರ ಚಹಾ ಕುಡಿಯುವ ಬದಲು ಇದನ್ನು ಮಾಡಬಹುದಿತ್ತು.

ಎರಡು ದಿನ ಬಿಟ್ಟು ಫೋನ್ ಬಂತು. ಅದೇ ಕೋಣೆಯಲ್ಲಿದ್ದ ನೇಪಾಳದ ಯುವಕ. ಅವನಿಗೂ ಕಾಗದಪತ್ರ ಇರಲಿಲ್ಲ, ಬಾಯಿಬಿಟ್ಟರೆ ಹಿಡಿಯುತ್ತಾರೆಂಬ ಭಯ. ಹಿಂದಿಯಲ್ಲಿ ಮಾತಾಡಿದ. ನಾನು ಉಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ.

"ಮೊದಲ ದಿನ ಯಾಕೆ ಹಾಕಿದೆನೋ ಗೊತ್ತಿಲ್ಲ ಸಾರ್. ಕೋಣೆ ತುಂಬಾ ಸುಮ್ಮನಿತ್ತು. ಡಬ್ಬ ಹಾಕಿದರೆ ಅವನ ಹೆಸರಲ್ಲೇ ತೆರೆಯುತ್ತಿತ್ತು. ಆಮೇಲೆ ಅಮ್ಮ ಬಂದರು. ಅವರ ಮಾತು ಅರ್ಥವಾಗುತ್ತಿರಲಿಲ್ಲ. ಅಳುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಮೈಕ್ ಹಾಕಿ ನಾನು ಏನು ಹೇಳಲಿ? ಆಟ ಬಿಟ್ಟರೆ ಅವರು ಹೆದರುತ್ತಾರೆ ಎಂದು ದಿನಾ ಹಾಕುತ್ತಿದ್ದೆ."

ಉಮ್ಮ ಕೇಳಿದ್ದು ಎರಡು ಪ್ರಶ್ನೆ. ಶನಿವಾರ ಬೆಳಿಗ್ಗೆ ಅವನು ತಿಂದು ಹೋಗಿದ್ದನೇ? ಇಲ್ಲ, ತಡವಾಗಿತ್ತು ಎಂದ ಯುವಕ. ತಾವು ಬೈದದ್ದನ್ನು ಹೇಳಿದ್ದನೇ? ಶುಕ್ರವಾರ ರಾತ್ರಿ ಅವನು ಯಾರ ಹತ್ತಿರವೂ ಮಾತಾಡಲಿಲ್ಲ ಎಂದ ಯುವಕ. ನಾನು ಅದನ್ನು ಬದಲಿಸದೆ ಹೇಳಿದೆ. ಬದಲಿಸಬಹುದಿತ್ತು. ಹಿಂದಿ ಅವರಿಗೆ ಬರುತ್ತಿರಲಿಲ್ಲ. ಒಂದು ಸುಳ್ಳು ಹೇಳಿಯಾದ ಮೇಲೆ ಎರಡನೆಯದು ಬೇಡ ಎಂದುಕೊಂಡೆನೋ ಏನೋ. ಸತ್ಯ ಹೇಳಲು ನಾನು ಆರಿಸಿಕೊಂಡ ಜಾಗ ಅದು.

ಮುಂದಿನ ಶುಕ್ರವಾರ ಮಸೀದಿಯಲ್ಲಿ ದೇಹವಿಲ್ಲದ ಮಯ್ಯತ್ ನಮಾಝ್ ಮಾಡಿದರು. ನಲ್ವತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಉಮ್ಮ ಟಿವಿ ಹಾಕಲು ಹೇಳಿದರು. ಹಸಿರು ಚುಕ್ಕೆ ಇತ್ತು. ಒತ್ತಿದರು. ನೇಪಾಳದ ಯುವಕ ಮಗನ ವೇಷದಲ್ಲಿ ಎದುರು ನಿಂತ. ಉಮ್ಮ ತಮ್ಮ ಚೀಲ ತೆರೆದು ಒಂದೊಂದನ್ನೇ ಅವನ ಕಾಲಬುಡದಲ್ಲಿ ಇಡತೊಡಗಿದರು. ಬಂದೂಕು, ಕವಚ, ಮದ್ದು, ಬಿಸಾಡಿ ಎಂದರೂ ಬಿಸಾಡದೆ ಎರಡು ವರ್ಷ ಕೂಡಿಟ್ಟದ್ದೆಲ್ಲ. ನೆಲವಿಡೀ ಬಿಳಿ, ನೀಲಿ, ಹೊಂಬಣ್ಣ.

"ತೆಗೆದುಕೊಳ್ಳಲಿಕ್ಕೆ ಹೇಳು ಅವನಿಗೆ. ಅಲ್ಲಿ ಒಬ್ಬನೇ ಅಲ್ವಾ ಅವನೂ."

ನಾನು ಟೈಪ್ ಮಾಡಿದೆ. ಸೈನಿಕ ಅಲುಗಾಡಲಿಲ್ಲ. ಸತ್ತವನ ತಾಯಿಯಿಂದ ಹೇಗೆ ತೆಗೆದುಕೊಳ್ಳಲಿ ಎಂದು ಆಮೇಲೆ ಫೋನಿನಲ್ಲಿ ಹೇಳಿದ. ಯಾರೂ ಹೆಕ್ಕದ ಸಾಮಾನು ಆ ಆಟದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಒಂದೊಂದೇ ಬೆಳಕು ಆರಿ ನೆಲ ಖಾಲಿಯಾಯಿತು. ಉಮ್ಮ ಕೊನೆಯದು ಆರುವವರೆಗೆ ನೋಡಿ, ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದ ಮುಂದೆ ಆ ಡಬ್ಬವನ್ನು ಅವರು ಮುಟ್ಟಲಿಲ್ಲ.

ಸಕ್ಕರೆ ಕಾಯಿಲೆ ಮೊದಲೇ ಇತ್ತು, ಈಗ ಮದ್ದು ಬಿಟ್ಟರು. ಮಗಳು ಕಾಪುವಿಗೆ ಕರೆದುಕೊಂಡು ಹೋದಳು. ನಾನು ರಜೆಯ ದಿನ ಹೋಗಿ ಬರುತ್ತಿದ್ದೆ. ಯಾರೇ ನೋಡಲು ಬರಲಿ, ಉಮ್ಮ ನನ್ನ ಕೈ ಹಿಡಿದು ತೋರಿಸುತ್ತಿದ್ದರು. "ಇವನೇ ನನ್ನ ಮಗನನ್ನು ಹುಡುಕಿಕೊಟ್ಟದ್ದು. ಇವನು ಫೋನ್ ಮಾಡದಿದ್ದರೆ ಅವನು ಸತ್ತದ್ದೂ ನನಗೆ ಗೊತ್ತಾಗುತ್ತಿರಲಿಲ್ಲ." ನೆಂಟರು ತಲೆಯಾಡಿಸುತ್ತಿದ್ದರು. ಒಬ್ಬ ಹಿರಿಯರು ನನ್ನನ್ನು ತಬ್ಬಿಕೊಂಡರು. ಪ್ರತಿ ಸಲ ಹೇಳಬೇಕೆಂದೇ ಹೋಗುತ್ತಿದ್ದೆ. ಅವರ ಕಣ್ಣು ಮಂದವಾಗಿತ್ತು, ನನ್ನ ಮುಖ ಕಾಣುತ್ತಿರಲಿಲ್ಲ. ಹೇಳಲು ಸುಲಭವಿತ್ತು. ಹೇಳಲಿಲ್ಲ.

ಈ ವರ್ಷ ರಂಝಾನಿನ ಮೊದಲ ವಾರ, ಬೆಳಗಿನ ಹೊತ್ತು, ಅವರು ತೀರಿ ಹೋದರು. ಮಣ್ಣು ಮಾಡಿ ಬಂದ ಮೇಲೆ ಮಗಳು ನನ್ನನ್ನು ಕರೆದು, "ಅಣ್ಣ, ಉಮ್ಮನ ಬಗ್ಗೆ ನಿಮ್ಮ ಪೇಪರಿನಲ್ಲಿ ನಾಲ್ಕು ಸಾಲು ಬರೆಯಿರಿ. ಅವರಿಗೆ ನಿಮ್ಮನ್ನು ಕಂಡರೆ ತುಂಬಾ ಇಷ್ಟ ಇತ್ತು" ಎಂದಳು. ಬರೆಯುತ್ತೇನೆ ಎಂದೆ.

ಬರೆದದ್ದು ನಾಲ್ಕು ಸಾಲು ಮೀರಿದೆ. ಆಕೆ ಕೇಳಿದ್ದಕ್ಕಿಂತ ಬೇರೆಯದೂ ಇದರಲ್ಲಿದೆ. ಶವಾಗಾರದಲ್ಲಿ ಅವಳ ಅಣ್ಣ ಮಲಗಿದ್ದಾಗ ಉದ್ಯಾವರದಲ್ಲಿ ಹುಡುಕುವುದು ಬೇಡ ಎಂದು ಹೇಳಿದವನು ನಾನು. ತಾಯಿಗೆ ಮಗನ ಮುಖವನ್ನು ವಿಡಿಯೋದಲ್ಲಾದರೂ ಒಮ್ಮೆ ತೋರಿಸಲು ಏಳು ದಿನಗಳ ಅವಕಾಶವಿತ್ತು. ಮಗಳು ಭಾನುವಾರ ಬೆಳಿಗ್ಗೆ ಮಕ್ಕಳಿಗೆ ತಿಂಡಿ ಕೊಟ್ಟ ಮೇಲೆ ಪುರವಣಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾಳೆ. ಇದು ಈ ಭಾನುವಾರದ ಪುಟಕ್ಕೆ ಹೋಗುತ್ತಿದೆ.